ಒಂದು ಚಾಕುವಿನ ಆಯ್ಕೆ: ಅನರ್ಥದಂಡ ವಿರತಿಯ ಬೆಳಕಿನಲ್ಲಿ

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ‘ಅರ್ಥ’ವೆಂದರೆ ಪ್ರಯೋಜನ, ‘ದಂಡ’ವೆಂದರೆ ಮನೋವಾಕ್ಕಾಯಗಳಿಂದ ಪರಜೀವಿಗಳಿಗೆ ಒದಗುವ ಪೀಡೆ. ಪ್ರಯೋಜನವಿಲ್ಲದ ಪೀಡೆಯಿಂದ ಹಿಂದೆ ಸರಿಯುವುದೇ ಈ ವ್ರತದ ತಿರುಳು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ವಿವರಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ ಮತ್ತು ಪ್ರಮಾದಚರ್ಯೆ. ಇವುಗಳಲ್ಲಿ ಹಿಂಸಾದಾನವೆಂದರೆ ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ವಧಕಾರಣ ವಸ್ತುಗಳನ್ನು ಪರರಿಗೆ ಒದಗಿಸುವುದು. ಇದು ರಾಜರ, ಬೇಟೆಗಾರರ ಕಾಲಕ್ಕೆ ಹೇಳಿದ ಮಾತು, ಇಂದಿನ ಗೃಹಸ್ಥನಿಗೆ ಇದರಿಂದ ಆಗಬೇಕಾದುದೇನು ಎಂದು ಅನೇಕರು ಭಾವಿಸುವುದುಂಟು. ಬೆಂಗಳೂರಿನ ಚಾಮರಾಜಪೇಟೆಯ ಒಂದು ಮನೆಯಲ್ಲಿ ನಡೆದ ವಿಚಾರ ವಿನಿಮಯವನ್ನು ಗಮನಿಸಿದರೆ ಈ ಭಾವನೆ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಆ ಮನೆಯ ಹಿರಿಯರು ಚಿಕ್ಕಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸಿದವರು. ಶ್ರವಣಬೆಳಗೊಳದಲ್ಲಿ 1993ರ ಮಹಾಮಸ್ತಕಾಭಿಷೇಕ ನಡೆದ ವರ್ಷ ಅವರು ಮುನಿಗಳೊಬ್ಬರ ಸನ್ನಿಧಿಯಲ್ಲಿ ಅಣುವ್ರತಗಳನ್ನು ಸ್ವೀಕರಿಸಿದರು. ಅಂದಿನಿಂದ ಅವರ ಅಂಗಡಿಯಲ್ಲಿ ಈಳಿಗೆಮಣೆ, ತುರಿಮಣೆಗಳು ಉಳಿದವು. ಮಚ್ಚು, ಉದ್ದ ಚೂರಿ, ಇಲಿಬೋನುಗಳು ಹೊರಟುಹೋದವು. ವ್ಯಾಪಾರದಲ್ಲಿ ಆದ ನಷ್ಟದ ಬಗ್ಗೆ ಅವರು ಎಂದೂ ಯಾರೊಡನೆಯೂ ಮಾತನಾಡಿದವರಲ್ಲ.

ಅವರ ಮೊಮ್ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ, ‘ನಿನಗೆ ಬೇಕಾದ ಒಂದು ವಸ್ತುವನ್ನು ಕೇಳು, ಕೊಡಿಸುತ್ತೇನೆ’ ಎಂದು ಹಿರಿಯರು ಮಾತು ಕೊಟ್ಟಿದ್ದರು. ಹುಡುಗ ಕೇಳಿದ್ದು ಚಾಕುವನ್ನು. ಅವನು ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ತರಬೇತಿ ಪಡೆದಿದ್ದನು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನೊಳಗೆ ಉಸಿರಾಡುವ ಈ ವಿದ್ಯೆ, ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬವರು 1943ರಲ್ಲಿ ರೂಪಿಸಿದ ಸಲಕರಣೆಯಿಂದ ಜನಸಾಮಾನ್ಯರ ಕೈಗೆ ಬಂದಿತು. ಮೊದಲ ಹಂತದ ತರಬೇತಿ ಮುಗಿಸಿದವರು 18 ಮೀಟರಿನವರೆಗೆ ಇಳಿಯಬಹುದು. ಮೊಮ್ಮಗ ಮತ್ತೆ ನೇತ್ರಾಣಿಗೆ ಹೋಗುವವನಿದ್ದನು. ಅನಂತರ ಸ್ನೇಹಿತರೊಡನೆ ಒಂದು ಅಡಿಕೆ ತೋಟದ ಅಂಚಿನಲ್ಲಿ ಡೇರೆ ಹಾಕಿ ಎರಡು ರಾತ್ರಿ ಕಳೆಯುವ ಯೋಜನೆಯೂ ಇತ್ತು. ಸಮುದ್ರಕ್ಕೂ ಶಿಬಿರಕ್ಕೂ ಒಂದೇ ಚಾಕು ಸಾಕು, ಎರಡೇಕೆ ಎಂಬುದು ಅವನ ವಾದ.

ಹಿರಿಯರ ಇಕ್ಕಟ್ಟು ಸಣ್ಣದಾಗಿರಲಿಲ್ಲ. ಕೊಡಿಸದಿದ್ದರೆ ಕೊಟ್ಟ ಮಾತು ತಪ್ಪಿದಂತೆ; ಕೊಡಿಸಿದರೆ ಹಿಂಸಾದಾನದ ದೋಷ. ‘ಬೇಡವೆಂದುಬಿಡಿ’ ಎಂದು ಮಗ ಸಲಹೆ ಕೊಟ್ಟನು. ಹಿರಿಯರ ಧರ್ಮಪತ್ನಿ ಮಾತ್ರ ಬೇರೊಂದು ಪ್ರಶ್ನೆ ಎತ್ತಿದರು: ‘ಚಾಕು ಬೇಡವೆಂದರೆ ಹುಡುಗ ಸಮುದ್ರಕ್ಕೆ ಹೋಗುವುದು ನಿಲ್ಲುತ್ತದೆಯೆ? ಅಲ್ಲಿ ಅವನ ಕಾಲಿಗೆ ಬಲೆ ಸುತ್ತಿಕೊಂಡರೆ ಏನು ಮಾಡುವುದು?’

ಆ ಪ್ರಶ್ನೆಯಲ್ಲಿ ಸತ್ಯವಿತ್ತು. ಮುಳುಗುಗಾರನಿಗೆ ಚಾಕು ಬೇಕಾಗುವುದು ಮೀನಿನೊಡನೆ ಹೋರಾಡುವುದಕ್ಕಲ್ಲ. ಕಡಲಿನಲ್ಲಿ ಹರಿದುಹೋದ ಬಲೆಗಳು, ಬಿಟ್ಟುಹೋದ ಗಾಳದ ದಾರಗಳು ಬಂಡೆಗಳಿಗೆ ಸಿಕ್ಕಿಕೊಂಡಿರುತ್ತವೆ. ಒಂದೇ ಎಳೆಯ ನೈಲಾನ್ ದಾರವು ನೀರಿನೊಳಗೆ ಕಣ್ಣಿಗೆ ಕಾಣುವುದೇ ಇಲ್ಲವೆನ್ನಬಹುದು. ಸಿಲಿಂಡರಿನ ತಲೆಗೋ ಕಾಲಿನ ಈಜುಪಟ್ಟಿಗೋ ಅದು ಸುತ್ತಿಕೊಂಡರೆ, ಹೆದರಿ ಹೊರಳಿದಷ್ಟೂ ಬಿಗಿಯುತ್ತದೆ. ಸಿಲಿಂಡರಿನ ಗಾಳಿಯೋ ಮಿತವಾದುದು. ಮೊದಲು ಚಲಿಸದೆ ನಿಲ್ಲಬೇಕು, ಉಸಿರನ್ನು ಸಮಸ್ಥಿತಿಗೆ ತರಬೇಕು, ಜೊತೆಗಾರನಿಗೆ ಸನ್ನೆ ಮಾಡಬೇಕು, ಬಂದ ದಾರಿಯಲ್ಲಿಯೇ ಮೆಲ್ಲನೆ ಹಿಂದಕ್ಕೆ ಸರಿಯಬೇಕು. ಇವೆಲ್ಲವೂ ಸೋತಾಗ ಮಾತ್ರ ಚಾಕು ಹೊರಬರಬೇಕು. ಅದು ಕೊನೆಯ ಉಪಾಯ. ಆದರೆ ಆ ಕೊನೆಯ ಗಳಿಗೆಯಲ್ಲಿ ಅದಕ್ಕೆ ಬದಲಿಲ್ಲ.

ಹಿರಿಯರು ‘ಹೌದು’ ‘ಅಲ್ಲ’ ಎಂಬ ಎರಡು ಉತ್ತರಗಳನ್ನೂ ಬದಿಗಿಟ್ಟು, ವ್ರತದ ಹೆಸರಿನಲ್ಲಿಯೇ ಅಡಗಿರುವ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಈ ವಸ್ತುವಿನ ಪ್ರತಿಯೊಂದು ಅಂಗಕ್ಕೂ ಪ್ರಯೋಜನವೇನು? ಪ್ರಯೋಜನವುಳ್ಳ ಅಂಗ ಉಳಿಯಲಿ, ಇಲ್ಲದ್ದು ಹೋಗಲಿ. ‘ನೀನು ಮೆಚ್ಚಿದ ಚಾಕುವಿನ ಚಿತ್ರ ತಾ ಮಗು, ಇಬ್ಬರೂ ಕೂತು ನೋಡೋಣ’ ಎಂದರು.

ಹುಡುಗ ಮೆಚ್ಚಿದ್ದು ಏಳು ಅಂಗುಲದ ಅಲಗಿನ ಚಾಕು. ಮೊನೆ ಭರ್ಜಿಯಂತೆ ಚೂಪು, ಬೆನ್ನಿನ ಮೇಲೆ ಗರಗಸದ ಹಲ್ಲು, ಚರ್ಮದ ಒರೆ, ಟೊಳ್ಳು ಹಿಡಿ, ಅದರೊಳಗೆ ಬೆಂಕಿಕಡ್ಡಿ ಮತ್ತು ಒಂದು ಚಿಕ್ಕ ಪೊಟ್ಟಣ. ‘ಪೊಟ್ಟಣದಲ್ಲಿ ಏನಿದೆ?’ ಎಂದು ಹಿರಿಯರು ಕೇಳಿದಾಗ ಹುಡುಗ ವಿವರಣೆಯನ್ನು ಓದಿನೋಡಿ ಸುಮ್ಮನಾದನು. ಅದರಲ್ಲಿದ್ದುದು ಮೀನಿನ ಗಾಳ ಮತ್ತು ದಾರ. ಯಾವ ಗಾಳದ ದಾರದಿಂದ ತನ್ನ ಪ್ರಾಣಕ್ಕೆ ಅಪಾಯವೆಂದು ಅವನು ಚಾಕು ಬಯಸಿದನೋ, ಅದೇ ದಾರ ಆ ಚಾಕುವಿನ ಹೊಟ್ಟೆಯಲ್ಲಿತ್ತು. ಅಲ್ಲಿಗೆ ಟೊಳ್ಳು ಹಿಡಿಯ ಮಾತು ಮುಗಿಯಿತು. ಅಲಗಿಗೂ ಟೊಳ್ಳು ಹಿಡಿಗೂ ನಡುವಣ ಬೆಸುಗೆ ದುರ್ಬಲವೆಂಬುದು, ಉಪ್ಪುನೀರು ಆ ಟೊಳ್ಳಿನೊಳಗೆ ನಿಂತು ತುಕ್ಕು ಹಿಡಿಸುವುದೆಂಬುದು ಅನಂತರ ತಿಳಿದ ಹೆಚ್ಚಿನ ಕಾರಣಗಳು.

ಚರ್ಮದ ಒರೆಯ ವಿಷಯದಲ್ಲಿಯೂ ಹಾಗೆಯೇ ಆಯಿತು. ಶ್ರಾವಕನ ಮನೆಗೆ ಅದು ಸಲ್ಲದು; ಸಮುದ್ರಕ್ಕೂ ಸಲ್ಲದು. ಚರ್ಮವು ಉಪ್ಪನ್ನೂ ತೇವವನ್ನೂ ಹೀರಿಕೊಂಡು ಅಲಗನ್ನು ಕೆಡಿಸುತ್ತದೆ, ತಾನೂ ಕೊಳೆಯುತ್ತದೆ. ನೀರು ಬಸಿದುಹೋಗಲು ರಂಧ್ರವಿರುವ ಗಟ್ಟಿ ಪ್ಲಾಸ್ಟಿಕ್ಕಿನ ಒರೆ, ತಲೆಕೆಳಗಾದರೂ ಚಾಕು ಜಾರದಂತೆ ಹಿಡಿದಿಡುವ ಕೊಂಡಿ, ಇಷ್ಟೇ ಬೇಕಾದದ್ದು.

ಬಳಿಕ ಲೋಹದ ಪ್ರಶ್ನೆ ಬಂದಿತು. ಇಲ್ಲಿ ಹಿರಿಯರ ವ್ಯಾಪಾರಾನುಭವ ಉಪಯೋಗಕ್ಕೆ ಬಂದಿತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಶೇಕಡಾ 13ರ ಸಮೀಪ ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕ ಹೊಯ್ದನು. ತುಕ್ಕು ಹಿಡಿಯದ ಚಾಕುಗಳಿಗೆ ಅದೇ ಮೊದಲಾಯಿತು. ಪಾತ್ರೆ ವ್ಯಾಪಾರದಲ್ಲಿ ಉತ್ತಮವೆನಿಸುವುದು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304 ದರ್ಜೆಯ ಉಕ್ಕು. ಅಯಸ್ಕಾಂತ ಹಚ್ಚಿದರೆ ಅದು ಅಂಟುವುದಿಲ್ಲ. ಅಂಟಿದರೆ ಗಿರಾಕಿ ಪಾತ್ರೆಯನ್ನು ಹಿಂದಕ್ಕೆ ಇಡುತ್ತಾನೆ. ಚಾಕುವಿನಲ್ಲಿ ಈ ಲೆಕ್ಕ ತಿರುಗುಮುರುಗು. 304ರ ಉಕ್ಕು ಸಮುದ್ರದಲ್ಲಿ ಬಾಳುತ್ತದೆ, ಆದರೆ ಕಾಯಿಸಿ ನೀರಿಗೆ ಅದ್ದಿದರೂ ಗಡಸಾಗದು; ಹರಿತ ಬೇಗ ಹೋಗುತ್ತದೆ. ಹರಿತ ನಿಲ್ಲಬೇಕಾದರೆ ಇಂಗಾಲ ಬೇಕು, ಹದ ಹಿಡಿಯಬೇಕು. ಅಂಥ 420, 440 ದರ್ಜೆಗಳಿಗೆ ಅಯಸ್ಕಾಂತ ಅಂಟುತ್ತದೆ. ಆದರೆ ಇಂಗಾಲ ಹೆಚ್ಚಿದಷ್ಟೂ ಅದು ಕ್ರೋಮಿಯಂ ಅನ್ನು ತನ್ನೊಡನೆ ಕಟ್ಟಿಹಾಕುತ್ತದೆ. ತುಕ್ಕು ತಡೆಯಲು ಉಳಿಯುವ ಕ್ರೋಮಿಯಂ ಕಡಿಮೆಯಾಗುತ್ತದೆ. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಶಿಬಿರದಲ್ಲಿ ಮೆಚ್ಚುಗೆಯಾಗುವ ಗಡಸು ಅಲಗು ಈ ಕಾರಣದಿಂದಲೇ ಸಮುದ್ರದಲ್ಲಿ ಚುಕ್ಕೆಚುಕ್ಕೆಯಾಗಿ ತುಕ್ಕು ಕಾಣುತ್ತದೆ. ‘ಎರಡಕ್ಕೂ ಒಂದೇ’ ಎಂಬ ಬಯಕೆಯ ನಿಜವಾದ ತೊಡಕು ಇಲ್ಲಿದೆ.

ಈ ತೊಡಕಿಗೆ ಎರಡು ಪರಿಹಾರಗಳಿವೆ. ಒಂದು ಟೈಟಾನಿಯಂ. ಅದಕ್ಕೆ ತುಕ್ಕಿಲ್ಲ, ತೂಕ ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಬೆಲೆ ಹೆಚ್ಚು, ಹರಿತ ಉತ್ತಮ ಉಕ್ಕಿನಷ್ಟು ನಿಲ್ಲದು. ಇನ್ನೊಂದು, ಇಂಗಾಲದ ಕೆಲಸದ ಬಹುಭಾಗವನ್ನು ಸಾರಜನಕದಿಂದ ಮಾಡಿಸಿರುವ ಹೊಸ ಬಗೆಯ ಉಕ್ಕು. ಅದು ಕಡಲ ನೀರನ್ನು ಚೆನ್ನಾಗಿ ತಾಳುತ್ತದೆ, ಹರಿತವನ್ನೂ ಕಾಯ್ದುಕೊಳ್ಳುತ್ತದೆ. ಇವೆರಡೂ ದೊರೆಯದಿದ್ದರೆ 420 ದರ್ಜೆಯ ಸಾಧಾರಣ ಚಾಕುವೂ ಸಾಕು. ಆದರೆ ಅದನ್ನು ಪ್ರತಿ ಸಲವೂ ತೊಳೆದು ಒರೆಸುವ ಶ್ರದ್ಧೆ ಬೇಕು.

ಮೊನೆಗೆ ಪ್ರಯೋಜನವೇನು? ಚುಚ್ಚುವುದು. ನೀರಿನೊಳಗೆ ಚುಚ್ಚಬೇಕಾದುದು ಯಾವುದೂ ಇಲ್ಲ. ಅಲೆಯ ಹೊಯ್ದಾಟದಲ್ಲಿ ಚೂಪು ಮೊನೆಯು ತನ್ನ ತೊಡೆಗೆ, ಜೊತೆಗಾರನ ಕೈಗೆ, ಗಾಳಿ ತುಂಬಿದ ತೇಲುಜಾಕೆಟ್ಟಿಗೆ ತಗಲುವ ಸಂಭವವೇ ಹೆಚ್ಚು. ಆದುದರಿಂದ ಮೊಂಡು ಮೊನೆ. ಅಲಗಿನ ಒಂದು ಅಂಚಿನಲ್ಲಿ ದಪ್ಪ ಹಗ್ಗಕ್ಕಾಗಿ ಗರಗಸದ ಹಲ್ಲು, ಇನ್ನೊಂದರಲ್ಲಿ ನಯವಾದ ಬಾಯಿ, ತೆಳು ದಾರವನ್ನು ಸಿಕ್ಕಿಸಿ ಎಳೆಯಲು ಒಂದು ಕೊಕ್ಕೆಗಚ್ಚು. ಉದ್ದ ಮೂರಂಗುಲ ಸಾಕು. 1965ರ ಜೇಮ್ಸ್ ಬಾಂಡ್ ಚಲನಚಿತ್ರದಲ್ಲಿ ಮುಳುಗುಗಾರರು ಚಾಕು ಹಿಡಿದು ನೀರಿನಡಿಯಲ್ಲಿ ಯುದ್ಧ ಮಾಡಿದರು. ಮೀನಖಂಡಕ್ಕೆ ಉದ್ದ ಚಾಕು ಕಟ್ಟಿಕೊಳ್ಳುವ ರೂಢಿಯೂ ಆ ಕಾಲದ್ದು. ಆದರೆ ಕಾಲಿನ ಹೊರಬದಿಯಲ್ಲಿ ಕಟ್ಟಿದ ಚಾಕುವೇ ಬಲೆಗೆ ಮೊದಲು ಸಿಕ್ಕಿಕೊಳ್ಳುವ ವಸ್ತುವಾಗುತ್ತದೆ. ಎದೆಯ ಪಟ್ಟಿಯ ಮೇಲೆ, ಎಡಗೈಗೂ ಬಲಗೈಗೂ ಎಟುಕುವಂತೆ ಇರುವುದು ಕ್ಷೇಮ. ಹಿಡಿಗೆ ಹಳದಿಯೋ ಕಿತ್ತಳೆಯೋ ಬಣ್ಣವಿದ್ದರೆ ಬಿದ್ದಾಗ ಕಾಣುತ್ತದೆ. ಕೈಗವಸು ತೊಟ್ಟು, ಕಣ್ಣು ಮುಚ್ಚಿ, ಒಂದೇ ಕೈಯಿಂದ ಒರೆಯ ಕೊಂಡಿ ಬಿಡಿಸಲು ಬರುವುದೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಬೇಕು.

ಇನ್ನು ಶಿಬಿರ. ಶಿಬಿರಕ್ಕೆ ದಪ್ಪನೆಯ ಉದ್ದ ಚಾಕು ಬೇಕೆನ್ನುವವರು ಅದನ್ನು ಸೌದೆ ಸೀಳುವುದಕ್ಕೆ, ಹಸಿ ಕೊಂಬೆ ಕಡಿಯುವುದಕ್ಕೆ, ಹಿಡಿದ ಪ್ರಾಣಿಯನ್ನು ಕೊಯ್ಯುವುದಕ್ಕೆ ಬಳಸುತ್ತಾರೆ. ರಾತ್ರಿಭೋಜನ ತ್ಯಾಗವಿರುವ, ಮನೆಯಿಂದ ಬುತ್ತಿ ಒಯ್ಯುವ ಹುಡುಗನಿಗೆ ಸೂರ್ಯಾಸ್ತದ ಮೇಲೆ ಒಲೆಯ ಕೆಲಸವಿಲ್ಲ. ಬೆಂಕಿ ಹೊತ್ತಿಸಿದರೆ ದೀಪದ ಹುಳುಗಳ ಗತಿಯೇನೆಂದು ಅವನಿಗೆ ಗೊತ್ತು. ಡೇರೆಯ ಕಂಬಗಳು ಡೇರೆಯೊಡನೆಯೇ ಬರುತ್ತವೆ. ಮರಕ್ಕೆ ಕೈ ಹಚ್ಚಬೇಕಾಗಿಲ್ಲ. ಉಳಿದದ್ದು ಹಗ್ಗ ತುಂಡರಿಸುವುದು, ಪೊಟ್ಟಣ ಒಡೆಯುವುದು, ಗಾಯಕ್ಕೆ ಪಟ್ಟಿ ಕತ್ತರಿಸುವುದು. ಇಷ್ಟಕ್ಕೆ ಮುಳುಗುಗಾರನ ಮೂರಂಗುಲದ ಚಾಕುವೇ ಧಾರಾಳ. ಒಂದೇ ಚಾಕು ಎರಡು ಕಡೆಗೂ ಒದಗಲಾರದೆಂಬ ಕಷ್ಟವನ್ನು ಲೋಹಶಾಸ್ತ್ರವು ಅರ್ಧ ಬಿಡಿಸಿತು. ಉಳಿದರ್ಧವನ್ನು ಮನೆಯ ಆಚಾರವೇ ಬಿಡಿಸಿತು. ‘ಬಲೆ ಕೊಯ್ದ ಅಲಗಿನಿಂದ ಹಣ್ಣು ಹೆಚ್ಚಬೇಡ’ ಎಂದು ಅಜ್ಜಿ ಹೇಳಿದರು. ‘ಬಾಳೆಹಣ್ಣಿಗೆ, ಕಿತ್ತಳೆಗೆ ಚಾಕು ಏಕಜ್ಜಿ?’ ಎಂದು ಹುಡುಗ ನಕ್ಕನು.

ಆದರೆ ಮಾತು ಇಷ್ಟಕ್ಕೆ ನಿಲ್ಲಲಿಲ್ಲ. ದೊಡ್ಡ ಚಾಕುವಿನ ಮೋಹ ಬಿಡದ ಹುಡುಗ ಮರುದಿನ ಹೊಸ ವಾದ ಹೂಡಿದನು. ಕಡಲಾಮೆಗಳು ಬಲೆಗೆ ಸಿಕ್ಕಿ ಉಸಿರುಕಟ್ಟಿ ಸಾಯುತ್ತವೆ. ಅವುಗಳನ್ನು ಬಿಡಿಸಲು ದೊಡ್ಡ ಅಲಗು ಬೇಕು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧವಲ್ಲವೆ, ಬಂಧವನ್ನು ಕಡಿಯುವುದು ಧರ್ಮವಲ್ಲವೆ ಎಂದನು. ಹಿರಿಯರು ಕೇಳಿದರು: ‘ಈ ಚಾಕುವನ್ನು ಮೆಚ್ಚಿದಾಗ ಆಮೆಯ ನೆನಪಿತ್ತೆ?’ ಹುಡುಗ ಇಲ್ಲವೆಂದನು. ‘ಹಾಗಾದರೆ ಆಸೆಗೆ ದಯೆಯ ಅಂಗಿ ತೊಡಿಸಬೇಡಪ್ಪ. ಆಸೆಯನ್ನು ಆಸೆಯೆಂದೇ ಕರೆ. ಆಗ ಅದನ್ನು ಅಳೆಯಬಹುದು.’ ವಾಸ್ತವದಲ್ಲಿಯೂ, ತರಬೇತಿಯಿಲ್ಲದವನು ಬಲೆಗೆ ಸಿಕ್ಕ ದೊಡ್ಡ ಪ್ರಾಣಿಯ ಬಳಿ ಚಾಕು ಹಿಡಿದು ಹೋದರೆ ಗಾಬರಿಗೊಂಡ ಪ್ರಾಣಿಗೂ ಅವನಿಗೂ ಗಾಯವಾಗುತ್ತದೆ. ತಾನೂ ಅದೇ ಬಲೆಯಲ್ಲಿ ಸಿಲುಕಬಹುದು. ಅನುಭವಿಗಳಿಗೆ ತಿಳಿಸುವುದೇ ಅವನು ಮಾಡಬಹುದಾದ ಉಪಕಾರ.

ಅಲಗಿನ ಭಯಂಕರ ರೂಪವನ್ನು ಕುರಿತು ಹಿರಿಯರು ನೆನಪಿಸಿದ್ದು ಯಶೋಧರನ ಕಥೆಯನ್ನು. ಕನ್ನಡದಲ್ಲಿ ಜನ್ನನು 13ನೆಯ ಶತಮಾನದಲ್ಲಿ ಹೇಳಿದ ಆ ಕಥೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಜೀವವಿಲ್ಲದ ಹಿಟ್ಟನ್ನು ಕಡಿದರೂ ಕಡಿಯುವ ಸಂಕಲ್ಪವು ಯಶೋಧರನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳ ದುಃಖಕ್ಕೆ ನೂಕಿತು. ಗೃಹಸ್ಥನಿಗೆ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳು ಪೂರ್ಣವಾಗಿ ತಪ್ಪವು. ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಯಾರನ್ನೂ ಚುಚ್ಚದಿದ್ದರೂ ಚುಚ್ಚುವ ಆಕಾರವನ್ನು ಸೊಂಟದಲ್ಲಿ ಕಟ್ಟಿಕೊಂಡು ಸಂತೋಷಪಡುವುದು ಯಾವ ಭಾವವನ್ನು ಬೆಳೆಸುತ್ತದೆಂಬುದು ಯೋಚಿಸಬೇಕಾದ ಸಂಗತಿ.

ಹುಡುಗನೂ ಸುಮ್ಮನಿರಲಿಲ್ಲ. ‘ತಾತ, ಹಾಗಾದರೆ ಡೈವಿಂಗ್ ಹೋಗುವುದೇ ಅನರ್ಥವಲ್ಲವೆ? ನಿಷ್ಪ್ರಯೋಜನವಾಗಿ ನೀರನ್ನು ಕದಡುವುದನ್ನು ಪ್ರಮಾದಚರ್ಯೆ ಎನ್ನುತ್ತಾರಲ್ಲ!’ ಹಿರಿಯರು ಈ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಅದು ಪ್ರಮಾದಚರ್ಯೆಯಾಗುವುದೂ ಬಿಡುವುದೂ ಇಳಿಯುವವನ ನಡೆಯನ್ನು ಅವಲಂಬಿಸಿದೆ ಎಂದರು. ಪೂರ್ತಿ ನಿರ್ದೋಷವೆಂದು ಹೇಳಲಿಲ್ಲ. ಒಳ್ಳೆಯ ಮುಳುಗುಗಾರನು ಹವಳವನ್ನು ಮುಟ್ಟುವುದಿಲ್ಲ, ತಳದ ಮರಳನ್ನು ಕದಡುವುದಿಲ್ಲ, ತನ್ನ ತೂಕವನ್ನೂ ಉಸಿರನ್ನೂ ಸಮ ಮಾಡಿಕೊಂಡು ನೀರಿನ ನಡುವೆ ನಿಲ್ಲುತ್ತಾನೆ. ಮುಟ್ಟದೆ ನೋಡುವುದನ್ನು ಕಲಿತರೆ ಅಷ್ಟು ಲಾಭ. ಮೆಕ್ಸಿಕೋ ದೇಶದ ಕೊಝುಮೆಲ್ ಸಾಗರೋದ್ಯಾನದಲ್ಲಿ ಮುಳುಗುಗಾರರು ಕೈಗವಸನ್ನೂ ಚಾಕುವನ್ನೂ ಒಯ್ಯಬಾರದೆಂಬ ನಿಯಮವಿದೆ. ಕೈಯಲ್ಲಿ ಚಾಕು ಇದ್ದವನಿಗೆ ಹವಳವನ್ನು ಕೆದಕುವ ಮನಸ್ಸಾಗುತ್ತದೆಂಬ ಅನುಭವವೇ ಇಂಥ ನಿಯಮಗಳಿಗೆ ಕಾರಣ. ಹೋಗುವ ಸ್ಥಳದ ನಿಯಮ ವಿಚಾರಿಸಿಯೇ ಚಾಕು ಕಟ್ಟಿಕೊಳ್ಳಬೇಕೆಂಬುದು ಅವರ ನಡುವೆ ನಿಶ್ಚಯವಾಯಿತು.

ಕೊನೆಗೆ ಹಿರಿಯರು ಕೊಡಿಸಿದ್ದು ಎರಡು ವಸ್ತುಗಳನ್ನು: ಮೊಂಡು ಮೊನೆಯ ಮೂರಂಗುಲದ ಚಾಕು, ಮತ್ತು ದಾರ ಕೊಯ್ಯುವ ಒಂದು ಚಿಕ್ಕ ಸಾಧನ. ಈ ಎರಡನೆಯದರಲ್ಲಿ ಅಲಗು ಪ್ಲಾಸ್ಟಿಕ್ಕಿನ ಎರಡು ದವಡೆಗಳ ನಡುವೆ ಹುದುಗಿರುತ್ತದೆ. ದಾರವಲ್ಲದೆ ಬೇರೇನೂ ಅದರ ಬಾಯಿಗೆ ಸಿಕ್ಕದು. ಒಂದೇ ಸಾಕೆಂದವನಿಗೆ ಎರಡೇಕೆ? ಬೇಕಾದುದಕ್ಕಿಂತ ಹೆಚ್ಚು ಭೋಗಸಾಮಗ್ರಿ ಕೂಡಿಡುವುದನ್ನು ತತ್ತ್ವಾರ್ಥಸೂತ್ರವು ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಎಣಿಸಿದೆ. ಆದರೆ ಒಂದು ಕೈಗೆ ಬಲೆ ಸುತ್ತಿಕೊಂಡಾಗ, ಅಥವಾ ಮೊದಲನೆಯದು ಕೈಜಾರಿ ತಳ ಸೇರಿದಾಗ, ಎರಡನೆಯದಕ್ಕೆ ಪ್ರಯೋಜನವಿದೆ. ಪ್ರಯೋಜನವುಳ್ಳದ್ದು ಅಧಿಕವಲ್ಲ.

ಕೊಡುವಾಗ ಹಿರಿಯರು ಮೂರು ಮಾತು ತೆಗೆದುಕೊಂಡರು. ಚಾಕುವನ್ನು ಯಾರಿಗೂ ಕೈಗಡ ಕೊಡಕೂಡದು, ಏಕೆಂದರೆ ಎರವಲು ಪಡೆದವನ ಉದ್ದೇಶ ಕೊಟ್ಟವನಿಗೆ ತಿಳಿಯದು. ವಿನೋದಕ್ಕಾಗಿ ಹೊರತೆಗೆಯಕೂಡದು. ಇಡುವಾಗ ನೋಡಿ ಇಡಬೇಕು. ಮೂರನೆಯ ಮಾತಿಗೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ಆಧಾರವಿದೆ. ಅಲ್ಲಿ ವಸ್ತುವನ್ನು ಇಡುವುದರಲ್ಲಿಯೇ ನಾಲ್ಕು ದೋಷಗಳನ್ನು ಹೇಳಿದೆ: ನೋಡದೆ ಇಡುವುದು, ಸರಿಯಾಗಿ ಶುಚಿಮಾಡದೆ ಇಡುವುದು, ಆತುರದಿಂದ ಇಡುವುದು, ಇಡಬಾರದ ಕಡೆ ಇಡುವುದು. ಚಾಕುವಿನ ಪಾಲನೆಗೆ ಇದಕ್ಕಿಂತ ಉತ್ತಮವಾದ ಸೂಚನೆಯನ್ನು ಯಾವ ತಯಾರಕನೂ ಬರೆದುಕೊಡಲಾರನು. ಸಮುದ್ರದಿಂದ ಬಂದೊಡನೆ ಸಿಹಿನೀರಿನಲ್ಲಿ ಅಲಗನ್ನೂ ಒರೆಯನ್ನೂ ಬೇರೆಬೇರೆಯಾಗಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ತೆಳುವಾಗಿ ಎಣ್ಣೆ ಸವರಬೇಕು, ಅನಂತರವೇ ಒರೆಗೆ ಸೇರಿಸಬೇಕು. ಹಸಿ ಅಲಗನ್ನು ಒರೆಗೆ ಸೇರಿಸಿದರೆ ಒಳ್ಳೆಯ ಉಕ್ಕಿಗೂ ತುಕ್ಕು ತಪ್ಪದು.

ಲೋಕದ ಕಾನೂನು ಕೂಡ ಇದೇ ಪ್ರಶ್ನೆಯನ್ನು ಕೇಳುತ್ತದೆ. 1959ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಗೃಹಕೃತ್ಯ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ಮಾಡಿದವುಗಳನ್ನು ಬಿಡುತ್ತವೆ. ಅಳತೆಯ ಜೊತೆಗೆ ಉದ್ದೇಶವನ್ನೂ ನೋಡುವ ಕ್ರಮವಿದು. ವಿಮಾನದಲ್ಲಿ ಹೋಗುವವರು ಎಷ್ಟೇ ಚಿಕ್ಕ ಚಾಕುವನ್ನಾದರೂ ಕೈಚೀಲದಲ್ಲಿ ಒಯ್ಯುವಂತಿಲ್ಲ; ಒಪ್ಪಿಸುವ ಪೆಟ್ಟಿಗೆಯಲ್ಲಿ, ಒರೆಯೊಳಗೆ ಭದ್ರವಾಗಿರಬೇಕು.

ಶ್ರಾವಕ ಕುಟುಂಬಗಳ ಮಕ್ಕಳು ಈಗ ಬೆಟ್ಟ ಹತ್ತುತ್ತಾರೆ, ಕಡಲಿಗೆ ಇಳಿಯುತ್ತಾರೆ. ಬಸದಿಗಳ ಆಡಳಿತ ಮಂಡಲಿಗಳೂ ಯುವಕರಿಗಾಗಿ ಚಾರಣ, ಶಿಬಿರಗಳನ್ನು ಏರ್ಪಡಿಸುತ್ತವೆ. ಅಂಥ ಸಂದರ್ಭಗಳಲ್ಲಿ ಹಿರಿಯರು ‘ಇದು ನಿಷಿದ್ಧ’ ಎಂದು ಮುಖ ತಿರುಗಿಸಿದರೆ ಮಕ್ಕಳು ಕೇಳದೆಯೇ ಕೊಳ್ಳುತ್ತಾರೆ, ಗಾಳವಿರುವ ಪೊಟ್ಟಣವನ್ನು ನೋಡದೆಯೇ ಕೊಳ್ಳುತ್ತಾರೆ. ‘ಏನಾದರೂ ಕೊಳ್ಳಲಿ’ ಎಂದು ಸುಮ್ಮನಿದ್ದರೂ ಹಾಗೆಯೇ ಆಗುತ್ತದೆ. ಸಲಕರಣೆಗಳ ಪಟ್ಟಿಯನ್ನು ಜೊತೆಗೆ ಕುಳಿತು ಓದಬೇಕು. ಮಂಡಲಿಗಳು ಶಿಬಿರಕ್ಕೆ ಹೊರಡುವ ಮುನ್ನ ಪ್ರತಿ ತಂಡಕ್ಕೆ ಎಷ್ಟು ಚಾಕು ಬೇಕು, ಯಾರ ವಶದಲ್ಲಿರಬೇಕು, ಯಾವ ಕೆಲಸಕ್ಕೆ ತೆಗೆಯಬೇಕು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳಿತು. ಆ ಬರಹಕ್ಕೆ ಒಂದು ಪುಟವೂ ಬೇಕಾಗುವುದಿಲ್ಲ.